ತೀರ್ಪು ಹೇಳುವವರೇ ತಪ್ಪಿದರೆ ಮರುವಿಚಾರಣೆ ಯಾವಾಗ ಸಿಗುತ್ತದೆ?

ಮಾನ್ಯರೆ,

ಧಾರವಾಡ, ಗದಗ, ಹಾವೇರಿ ಕಡೆಯ ದಿವಾಣಿ ಕೋರ್ಟುಗಳಲ್ಲಿ ಜಮೀನಿನ ದಾವೆ ಸೋತವರು ವಕೀಲರ ಮುಂದೆ ಇಡುವ ಪ್ರಶ್ನೆ ಒಂದಿದೆ: 'ಅಮೆರಿಕಾದಾಗ ಜ್ಯೂರಿಯೊಳಗ ಒಬ್ಬ ತಪ್ಪು ಮಾಡಿದ್ರೂ ಇಡೀ ಕೇಸ್ ಮತ್ತ ಮೊದಲಿಂದ ನಡಸ್ತಾರಂತ. ನಮ್ಮ ಹೊಲಕ್ಕ ಬಂದ ಕಮಿಷನರ್ ಎದುರು ಪಾರ್ಟಿ ಮನ್ಯಾಗ ಉಂಡು, ಅವರ ಗಾಡಿಯೊಳಗ ಬಂದು ಅಳತಿ ಮಾಡಿ ಹೋದ. ನಮ್ಮ ಕೇಸ್ ಯಾಕ ಮತ್ತ ನಡಸೂದಿಲ್ರಿ?' ಮಗನೋ ಅಳಿಯನೋ ಅಮೆರಿಕದಲ್ಲಿರುವ ಮನೆಗಳು ನಮ್ಮಲ್ಲಿ ಬಹಳ. ಹೀಗಾಗಿ ಅಲ್ಲಿಯ ಜ್ಯೂರಿಯ, ಅಂದರೆ ಕೋರ್ಟಿನಲ್ಲಿ ಕುಳಿತು ತೀರ್ಪು ಹೇಳುವ ಸಾಮಾನ್ಯ ಜನರ ಗುಂಪಿನ, ಮಾತು ಇಲ್ಲಿಯ ಕಟ್ಟೆಗೂ ಬಂದು ಮುಟ್ಟಿದೆ. ಇಲ್ಲಿ ಕಮಿಷನರ್ ಅಂದರೆ ಸ್ಥಳ ನೋಡಿ, ಅಳೆದು ವರದಿ ಕೊಡಲು ಕೋರ್ಟ್ ಕಳಿಸುವವರು.

ಅಮೆರಿಕದ ಬಗ್ಗೆ ಕೇಳಿಬರುವುದು ಅರ್ಧ ನಿಜ. ನಮ್ಮಲ್ಲಿ ದಾರಿಯೇ ಇಲ್ಲ ಎಂಬುದು ಪೂರ್ತಿ ತಪ್ಪು. ದಾರಿ ಇದೆ. ಆದರೆ ಅದು ತೆರೆದಿರುವುದು ಕೆಲವೇ ದಿನ, ಆ ದಿನಗಳು ತೀರ್ಪಿಗಿಂತ ಬಹಳ ಮೊದಲೇ ಬಂದು ಹೋಗುತ್ತವೆ. ಹೊತ್ತು ಮೀರಿದ ಮೇಲೆ ಎತ್ತಿದ ನ್ಯಾಯವಾದ ತಕರಾರುಗಳು ಮೇಲ್ಮನವಿಯಲ್ಲಿ ಬಿದ್ದುಹೋಗುವುದು ನಮ್ಮ ವೃತ್ತಿಯಲ್ಲಿ ಅತ್ಯಂತ ನೋವಿನ ಸಂಗತಿ. ಅದಕ್ಕಾಗಿಯೇ ಈ ಪತ್ರ.

ಮೊದಲು ಅಮೆರಿಕದ ವಿಷಯ ಸ್ಪಷ್ಟಪಡಿಸಿಕೊಳ್ಳೋಣ. ಅಲ್ಲಿಯ ಸಂವಿಧಾನಕ್ಕೆ 1791ರಲ್ಲಿ ಸೇರಿದ ಏಳನೆಯ ತಿದ್ದುಪಡಿಯ ಪ್ರಕಾರ ಹಣ, ನಷ್ಟಪರಿಹಾರದಂಥ ಸಿವಿಲ್ ದಾವೆಗಳಲ್ಲೂ ಜ್ಯೂರಿ ಕೇಳುವ ಹಕ್ಕು ಪಕ್ಷಗಾರರಿಗಿದೆ. ದಾವೆಯ ಮೊತ್ತ 20 ಡಾಲರ್ ಮೀರಿದ್ದರೆ ಸಾಕು, ಇವತ್ತಿಗೂ ಅದು ಬದಲಾಗಿಲ್ಲ. ಫೆಡರಲ್ (ಅಲ್ಲಿಯ ಕೇಂದ್ರ ಸರ್ಕಾರದ) ಕೋರ್ಟಿನ ಸಿವಿಲ್ ಜ್ಯೂರಿಯಲ್ಲಿ 6ರಿಂದ 12 ಜನ ಇರುತ್ತಾರೆ. ಎರಡೂ ಕಡೆಯವರು ಬೇರೆ ರೀತಿ ಒಪ್ಪಿಕೊಳ್ಳದಿದ್ದರೆ ತೀರ್ಪು ಒಮ್ಮತದ್ದಾಗಿರಬೇಕು. ಕ್ಯಾಲಿಫೋರ್ನಿಯಾದ ರಾಜ್ಯ ಕೋರ್ಟುಗಳಲ್ಲಿ 12ರಲ್ಲಿ 9 ಜನ ಒಪ್ಪಿದರೆ ಸಾಕು. ಇವರೆಲ್ಲ ಕಾನೂನು ಓದದ ಸಾಮಾನ್ಯ ಜನ. ಕೋರ್ಟಿನಲ್ಲಿ ಕೇಳಿದ ಸಾಕ್ಷ್ಯ, ಅಲ್ಲಿ ತೋರಿಸಿದ ಕಾಗದ, ನ್ಯಾಯಾಧೀಶರು ತಿಳಿಸಿದ ಕಾನೂನು, ಇಷ್ಟರ ಮೇಲೆ ಮಾತ್ರ ಅವರು ನಿರ್ಧಾರಕ್ಕೆ ಬರಬೇಕು. ಅಪಘಾತದ ಜಾಗಕ್ಕೆ ಒಬ್ಬನೇ ಹೋಗಿ ನೋಡುವುದು, ಮೊಬೈಲಿನಲ್ಲಿ ಔಷಧಿಯ ಅಡ್ಡಪರಿಣಾಮ ಹುಡುಕಿ ಉಳಿದವರಿಗೆ ಓದಿ ಹೇಳುವುದು, ಊಟದ ಬಿಡುವಿನಲ್ಲಿ ಒಂದು ಕಡೆಯವರ ಜೊತೆ ಮಾತಿಗೆ ಕೂರುವುದು, ಆಯ್ಕೆಯ ಹೊತ್ತಿನಲ್ಲಿ ಕೇಳಿದ ಪ್ರಶ್ನೆಗೆ ಸುಳ್ಳು ಹೇಳಿ ಒಳಗೆ ಸೇರುವುದು ಇವೆಲ್ಲ ದುರ್ನಡತೆ.

ಇದು ಗೊತ್ತಾದರೆ ಹೊಸ ವಿಚಾರಣೆ ಸಿಕ್ಕೇ ಬಿಡುತ್ತದೆಯೇ? ಇಲ್ಲ. ಮೊದಲ ಅಡ್ಡಿ ರುಜುವಾತಿನದು. ಜ್ಯೂರಿ ಕೋಣೆಯೊಳಗೆ ಯಾರು ಏನು ಮಾತಾಡಿದರು, ಯಾರ ಮನಸ್ಸು ಯಾಕೆ ತಿರುಗಿತು ಎಂಬುದನ್ನು ಜ್ಯೂರರನ (ಜ್ಯೂರಿಯ ಸದಸ್ಯನ) ಬಾಯಿಂದಲೇ ಹೇಳಿಸಿ ತೀರ್ಪು ಕೆಡವಲು ಬರುವುದಿಲ್ಲ. ಇದು ಇಂಗ್ಲೆಂಡಿನಲ್ಲಿ 1785ರಲ್ಲಿ ಮುಖ್ಯ ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಹಾಕಿಕೊಟ್ಟ ದಾರಿ. ಜ್ಯೂರಿಯವರು ಚೀಟಿ ಎತ್ತಿದಂತೆ ಅದೃಷ್ಟದ ಮೇಲೆ ತೀರ್ಮಾನಿಸಿದರು ಎಂದು ಜ್ಯೂರರರೇ ಕೊಟ್ಟ ಪ್ರಮಾಣಪತ್ರವನ್ನು (ಅಫಿಡವಿಟ್) ಅವರು ಓದಲು ಒಪ್ಪಲಿಲ್ಲ. ಅಮೆರಿಕದ ಸುಪ್ರೀಂ ಕೋರ್ಟ್ 1915ರ ಮೆಕ್‌ಡೊನಾಲ್ಡ್ ವಿರುದ್ಧ ಪ್ಲೆಸ್ ಎಂಬ ಸಿವಿಲ್ ಪ್ರಕರಣದಲ್ಲಿ ಅದನ್ನೇ ಎತ್ತಿಹಿಡಿಯಿತು. ಅಲ್ಲಿ ಪ್ರತಿಯೊಬ್ಬರೂ ಒಂದೊಂದು ಮೊತ್ತ ಬರೆದು, ಎಲ್ಲ ಕೂಡಿಸಿ ತಲೆಗೆ ಭಾಗಿಸಿದ ಸರಾಸರಿಯನ್ನೇ ತೀರ್ಪಾಗಿ ಕೊಟ್ಟಿದ್ದರು ಎಂಬುದು ದೂರು. ಇವತ್ತಿನ ಫೆಡರಲ್ ಸಾಕ್ಷ್ಯ ನಿಯಮ 606(ಬಿ) ಸಿವಿಲ್ ದಾವೆಯಲ್ಲಿ ಬಿಟ್ಟಿರುವ ಕಿಂಡಿ ಮೂರೇ: ಹೊರಗಿನ ಮಾಹಿತಿ ಜ್ಯೂರಿಯ ಮುಂದೆ ಬಂದಿತ್ತೇ, ಹೊರಗಿನವರ ಪ್ರಭಾವ ಯಾರ ಮೇಲಾದರೂ ಬಿದ್ದಿತ್ತೇ, ತೀರ್ಪಿನ ಫಾರ್ಮು ತುಂಬುವಾಗ ಬರಹದ ತಪ್ಪಾಗಿತ್ತೇ. ಜನಾಂಗದ್ವೇಷದ ಮಾತಿಗೆ 2017ರಲ್ಲಿ ಒಂದು ವಿನಾಯಿತಿ ಬಂತು, ಅದು ಕ್ರಿಮಿನಲ್ ಪ್ರಕರಣದಲ್ಲಿ.

ಈ ಕಿಂಡಿ ಎಷ್ಟು ಕಿರಿದು ಎಂಬುದಕ್ಕೆ 2014ರ ವಾರ್ಗರ್ ವಿರುದ್ಧ ಶಾವರ್ಸ್ ಪ್ರಕರಣ ನೋಡಬೇಕು. ಸೌತ್ ಡಕೋಟಾದಲ್ಲಿ ಒಂದು ರಸ್ತೆ ಅಪಘಾತ, ಬೈಕ್ ಸವಾರ ಕಾಲು ಕಳೆದುಕೊಂಡ. ದಾವೆ ಸೋತ. ಜ್ಯೂರಿಯ ಮುಖ್ಯಸ್ಥೆ ತನ್ನ ಮಗಳಿಂದಲೂ ಹಿಂದೆ ಒಂದು ಮಾರಕ ಅಪಘಾತ ಆಗಿತ್ತು, ಆಗ ಯಾರಾದರೂ ದಾವೆ ಹಾಕಿದ್ದರೆ ಅವಳ ಬಾಳೇ ಹಾಳಾಗುತ್ತಿತ್ತು ಎಂದು ಕೋಣೆಯೊಳಗೆ ಹೇಳಿದಳೆಂದು ಇನ್ನೊಬ್ಬ ಜ್ಯೂರರ್ ಪ್ರಮಾಣಪತ್ರ ಕೊಟ್ಟ. ನಿಷ್ಪಕ್ಷಪಾತವಾಗಿ ಇರಬಲ್ಲೆ ಎಂದು ಆಯ್ಕೆಯ ಹೊತ್ತಿನಲ್ಲಿ ಆಕೆ ಹೇಳಿದ್ದಳು. ಆದರೂ ಒಂಬತ್ತೂ ನ್ಯಾಯಮೂರ್ತಿಗಳು ಒಮ್ಮತದಿಂದ ಆ ಪ್ರಮಾಣಪತ್ರ ನಡೆಯುವುದಿಲ್ಲ ಎಂದರು. ಸ್ವಂತ ಬಾಳಿನ ಅನುಭವ ಒಳಗಿನ ಸಂಗತಿ, ಹೊರಗಿನ ಮಾಹಿತಿ ಅಲ್ಲ ಎಂಬುದು ಕಾರಣ. ಆ ಮನುಷ್ಯನಿಗಾದ ನಷ್ಟ ನೋಡಿದರೆ ಇದು ಕಠಿಣ ಅನ್ನಿಸುತ್ತದೆ. ಆದರೆ ಗೆದ್ದ ತೀರ್ಪು ಯಾವತ್ತಾದರೂ ಗಟ್ಟಿಯಾಗಿ ನಿಲ್ಲಬೇಕಾದರೆ ಇಂಥ ಒಂದು ಗೆರೆ ಬೇಕು ಎಂಬುದನ್ನೂ ನಾವು ಒಪ್ಪುತ್ತೇವೆ.

ಎರಡನೆಯ ಅಡ್ಡಿ, ಆ ತಪ್ಪಿನಿಂದ ಫಲಿತಾಂಶಕ್ಕೆ ಧಕ್ಕೆ ಬಂದಿರಬೇಕು ಎಂಬುದು. 1984ರ ಮೆಕ್‌ಡೊನೊ ಕಂಪನಿಯ ಪ್ರಕರಣದಲ್ಲಿ ಹುಲ್ಲು ಕತ್ತರಿಸುವ ಯಂತ್ರದಿಂದ ಹುಡುಗನ ಕಾಲಿಗೆ ಪೆಟ್ಟಾಗಿತ್ತು. ಮನೆಯವರಿಗೆ ಗಂಭೀರ ಗಾಯವಾಗಿದೆಯೇ ಎಂದು ಜ್ಯೂರಿಗೆ ಕೇಳಿದಾಗ, ಟೈರ್ ಸಿಡಿದು ಮಗನಿಗೆ ಗಾಯವಾಗಿದ್ದನ್ನು ಒಬ್ಬ ಜ್ಯೂರರ್ ಹೇಳಿರಲಿಲ್ಲ. ಕೋರ್ಟ್ ಅಲ್ಲಿ ಎರಡು ಮಾತು ಕೇಳಿತು: ಮುಖ್ಯವಾದ ಪ್ರಶ್ನೆಗೆ ಆತ ಅಪ್ರಾಮಾಣಿಕವಾಗಿ ಉತ್ತರಿಸಿದನೇ, ನಿಜ ಹೇಳಿದ್ದರೆ ಅವನನ್ನು ತೆಗೆದುಹಾಕಲು ಸಕಾರಣ ಸಿಗುತ್ತಿತ್ತೇ? ಎರಡಕ್ಕೂ ಹೌದು ಎಂದಾದರೆ ಮಾತ್ರ ಹೊಸ ವಿಚಾರಣೆ.

ಮೂರನೆಯದು ಅವಧಿ. ಫೆಡರಲ್ ಕೋರ್ಟಿನಲ್ಲಿ ತೀರ್ಪು ದಾಖಲಾದ 28 ದಿನದೊಳಗೆ ಹೊಸ ವಿಚಾರಣೆ ಕೇಳುವ ನಿಯಮ 59ರ ಅರ್ಜಿ ಹಾಕಬೇಕು. ಈ ಅವಧಿ ವಿಸ್ತರಿಸುವ ಅಧಿಕಾರ ನ್ಯಾಯಾಧೀಶರಿಗೂ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ತೀರ್ಪು ದಾಖಲಾದ ನೋಟಿಸ್ ಜಾರಿಯಾದ ಮೇಲೆ 15 ದಿನ ಅಷ್ಟೇ. ಅಲ್ಲಿಯ ಇನ್ನೊಂದು ಬೇಡಿಕೆ ನಮ್ಮ ಓದುಗರು ವಿಶೇಷವಾಗಿ ಗಮನಿಸಬೇಕಾದದ್ದು: ತೀರ್ಪು ಬರುವ ಮೊದಲು ಈ ದುರ್ನಡತೆ ನಮಗೆ ಗೊತ್ತಿರಲಿಲ್ಲ ಎಂದು ಪಕ್ಷಗಾರ ಮತ್ತು ಆತನ ವಕೀಲ ಇಬ್ಬರೂ ಪ್ರಮಾಣ ಮಾಡಬೇಕು. ಗೊತ್ತಿದ್ದೂ ಸುಮ್ಮನಿದ್ದು, ಗೆದ್ದರೆ ಸರಿ, ಸೋತರೆ ಎತ್ತೋಣ ಎಂದು ಕಾದು ಕುಳಿತವನಿಗೆ ಬಾಗಿಲು ಮುಚ್ಚಿದೆ. ವಿಚಾರಣೆ ನಡೆಯುವಾಗಲೇ ಹೇಳಿದರೆ ಪರಿಹಾರ ಸುಲಭ. ಎಂಟು ಜನರನ್ನು ಕೂರಿಸಿದ್ದರೆ ತಪ್ಪಿದ ಒಬ್ಬನನ್ನು ಮನೆಗೆ ಕಳಿಸಿ ಏಳು ಜನರಿಂದ ತೀರ್ಪು ಪಡೆಯಬಹುದು.

ಇನ್ನು ನಮ್ಮ ಕಡೆಗೆ ಬರೋಣ. ಭಾರತದಲ್ಲಿ ಜ್ಯೂರಿ ಇದ್ದದ್ದು ಮುಖ್ಯವಾಗಿ ಕ್ರಿಮಿನಲ್ ಪ್ರಕರಣಗಳಿಗೆ. ನೌಕಾಪಡೆಯ ಅಧಿಕಾರಿ ನಾನಾವತಿ ಮೇಲಿನ ಕೊಲೆ ಆರೋಪದ 1959ರ ಪ್ರಕರಣದಲ್ಲಿ ಮುಂಬೈ ಜ್ಯೂರಿ 8-1ರಿಂದ ನಿರ್ದೋಷಿ ಎಂದದ್ದು, ಸೆಷನ್ಸ್ ನ್ಯಾಯಾಧೀಶರು ಅದನ್ನು ಒಪ್ಪದೆ ಹೈಕೋರ್ಟಿಗೆ ಕಳಿಸಿದ್ದು ಎಲ್ಲರಿಗೂ ಗೊತ್ತು. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಗೆ ಜಾಗ ಉಳಿಯಲಿಲ್ಲ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಂತೂ ಜ್ಯೂರಿ ಎಂಬುದೇ ಇಲ್ಲ. ಪಾರ್ಸಿಗಳ ವಿಚ್ಛೇದನದ ದಾವೆಯಲ್ಲಿ ಕೂರುವ ಐದು ಪ್ರತಿನಿಧಿಗಳು ಮಾತ್ರ ಅದಕ್ಕೆ ಹತ್ತಿರದವರು. ಹೀಗಾಗಿ ನಮ್ಮ ದಾವೆಗಳಲ್ಲಿ ವಾಸ್ತವಾಂಶ ನೋಡಿ ಹೇಳುವವರು ಇಬ್ಬರೇ: ನ್ಯಾಯಾಧೀಶರು, ಮತ್ತು ಅವರ ಕಣ್ಣಾಗಿ ಹೊಲಕ್ಕೋ ಮನೆಗೋ ಹೋಗುವ ಕೋರ್ಟ್ ಕಮಿಷನರ್.

ತಪ್ಪು ಹೆಚ್ಚಾಗಿ ಆಗುವುದು ಈ ಎರಡನೆಯ ಜಾಗದಲ್ಲಿ. ಬದುವಿನ ಒತ್ತುವರಿ, ದಾರಿ, ಬೋರ್‌ವೆಲ್, ಗೋಡೆಯ ದಾವೆಗಳಲ್ಲಿ ಸಿವಿಲ್ ಸಂಹಿತೆಯ 26ನೇ ಆದೇಶದ 9ನೇ ನಿಯಮದಡಿ ಕಮಿಷನರ್ ನೇಮಕವಾಗುತ್ತದೆ. ಅಳತೆಯ ವಿಷಯವಾದರೆ ಸಾಮಾನ್ಯವಾಗಿ ಎ.ಡಿ.ಎಲ್.ಆರ್. (ಭೂದಾಖಲೆಗಳ ಸಹಾಯಕ ನಿರ್ದೇಶಕರ) ಕಚೇರಿಯ ಸರ್ವೇಯರ್ ಬರುತ್ತಾರೆ, ಸ್ಥಳದ ಸ್ಥಿತಿ ನೋಡುವುದಾದರೆ ವಕೀಲರೊಬ್ಬರು. ಎಡವಟ್ಟು ಅರ್ಜಿಯಲ್ಲೇ ಶುರುವಾಗುತ್ತದೆ. 'ದಾವಾ ಆಸ್ತಿಯನ್ನು ನೋಡಿ ವರದಿ ಕೊಡಲಿ' ಎಂದಷ್ಟೇ ಬರೆದರೆ ಬಂದವರು ತಮಗೆ ತೋಚಿದ್ದು ನೋಡಿ ಹೋಗುತ್ತಾರೆ. ಯಾವ ಸರ್ವೆ ನಂಬರು, ಯಾವ ಹಿಸ್ಸಾ, ಯಾವ ದಿಕ್ಕಿನ ಬದು, ಯಾವ ಕಲ್ಲಿನಿಂದ ಯಾವ ಕಲ್ಲಿನವರೆಗೆ, ಮೂಲ ಟಿಪ್ಪಣಿ (ಸರ್ವೆಯ ಮೂಲ ಅಳತೆಯ ದಾಖಲೆ), ಹಿಸ್ಸಾ ಟಿಪ್ಪಣಿ (ಪಾಲಾದ ತುಂಡಿನ ಅಳತೆ), ಆಕಾರಬಂದ (ವಿಸ್ತೀರ್ಣ, ಕಂದಾಯದ ದಾಖಲೆ), ಗ್ರಾಮ ನಕಾಶೆ ಇವುಗಳಲ್ಲಿ ಯಾವುದನ್ನು ಆಧಾರ ಇಟ್ಟುಕೊಂಡು ಅಳೆಯಬೇಕು ಎಂಬುದನ್ನು ಎರಡೂ ಕಡೆಯವರು ಸೂಚನಾ ಮೆಮೊದಲ್ಲಿ ಬಿಡಿಬಿಡಿಯಾಗಿ ಬರೆದು ಕೊಡಬೇಕು. ಜಮೀನು ಯಾರ ಕಬ್ಜಾದಲ್ಲಿದೆ ನೋಡಿ ಬರಲಿ ಎಂದು ಕೇಳಬಾರದು. ಕಬ್ಜಾ ಸಾಕ್ಷಿಯಿಂದ ರುಜುವಾತಾಗಬೇಕಾದ ಸಂಗತಿ, ಕಮಿಷನರ್ ತೀರ್ಮಾನಿಸುವಂಥದ್ದಲ್ಲ. ಹಾಗೆ ಕೇಳಿದ ಅರ್ಜಿ ವಜಾ ಆಗುತ್ತದೆ. ಮಂಜೂರಾದರೂ ವರದಿಯ ಆ ಭಾಗ ಮುಂದೆ ನಿಲ್ಲುವುದಿಲ್ಲ.

ಅಳತೆಯ ದಿನ ಏನಾಗುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಒಳ್ಳೆಯದು. ನಮ್ಮ ಕಡೆಯ ಹಳೆಯ ಟಿಪ್ಪಣಿಗಳು ಸರಪಳಿ ಮತ್ತು ಆಣೆ ಲೆಕ್ಕದಲ್ಲಿವೆ. ಒಂದು ಸರಪಳಿ 33 ಅಡಿ, ಅದರಲ್ಲಿ 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಅಂದರೆ ಒಂದು ಗುಂಟೆ, 1,089 ಚದರ ಅಡಿ. 20 ಸರಪಳಿ ಉದ್ದದ ಬದು ಒಂದೇ ಒಂದು ಆಣೆ, ಅಂದರೆ ಎರಡು ಅಡಿ ಚಿಲ್ಲರೆ, ಆ ಕಡೆ ಸರಿದರೆ ಒಂದೂಕಾಲು ಗುಂಟೆ ಕೈಬಿಡುತ್ತದೆ. ನವಲಗುಂದ, ನರಗುಂದ, ರೋಣದ ಎರೆ ಭೂಮಿ ಬೇಸಿಗೆಯಲ್ಲಿ ಬಿರಿದು ಮಳೆಗಾಲದಲ್ಲಿ ಉಬ್ಬುತ್ತದೆ. ಗಡಿಯ ಬಾಂದಗಲ್ಲು ವಾಲುತ್ತದೆ, ಹೂತು ಹೋಗುತ್ತದೆ. ವರ್ಷಾವರ್ಷ ನೇಗಿಲೋ ಟ್ರ್ಯಾಕ್ಟರೋ ಬದುವನ್ನು ಒಂದಿಷ್ಟು ತಿನ್ನುತ್ತದೆ. ಈಗ ಉಪಗ್ರಹದ ನೆರವಿನಿಂದ ಅಳೆಯುವ ರೋವರ್ ಯಂತ್ರ ಬಂದಿದೆ ನಿಜ, ಆದರೆ ಯಾವ ಕಲ್ಲನ್ನು ಮೂಲವೆಂದು ಹಿಡಿದರು ಎಂಬುದೇ ತಪ್ಪಾಗಿದ್ದರೆ ಯಂತ್ರ ಆ ತಪ್ಪನ್ನೇ ಚೊಕ್ಕವಾಗಿ ಅಳೆದು ಕೊಡುತ್ತದೆ. ಆದ್ದರಿಂದ ಅಳತೆ ಶುರುವಾಗುವ ಮೊದಲೇ ಕೇಳಬೇಕು: ಟಿಪ್ಪಣಿಯಲ್ಲಿರುವ ಕಲ್ಲುಗಳಲ್ಲಿ ಎಷ್ಟು ಸಿಕ್ಕಿವೆ? ಸಿಕ್ಕ ಕಲ್ಲುಗಳ ನಡುವಿನ ಅಂತರ ಟಿಪ್ಪಣಿಯ ಅಂತರಕ್ಕೆ ತಾಳೆಯಾಗುತ್ತದೆಯೇ? ತಾಳೆಯಾಗದಿದ್ದರೆ ಅದನ್ನು ಅಲ್ಲಿಯೇ ಪಂಚನಾಮೆಯಲ್ಲಿ ಬರೆಸಬೇಕು. ಹತ್ತಿ, ಗೋವಿನಜೋಳ, ಮೆಣಸಿನಗಿಡ ಎದ್ದು ನಿಂತ ಹೊಲದಲ್ಲಿ, ಕೆಸರಿನಲ್ಲಿ ಕಾಲು ಹೂಳುವ ದಿನಗಳಲ್ಲಿ ಅಳತೆಗೆ ಬಂದರೆ ಬೆಳೆ ತೆಗೆದ ಮೇಲಿನ ದಿನಾಂಕ ಕೇಳಿ ಮೆಮೊ ಹಾಕಬಹುದು.

ಕಮಿಷನರ್ ಎರಡೂ ಕಡೆಗೆ ಮೊದಲೇ ಲಿಖಿತ ನೋಟಿಸ್ ಕೊಡಬೇಕು. ನೋಟಿಸ್ ಬಂದೂ ನೀವು ಹೋಗದಿದ್ದರೆ 26ನೇ ಆದೇಶದ 18ನೇ ನಿಯಮದ ಪ್ರಕಾರ ನಿಮ್ಮ ಗೈರಿನಲ್ಲಿಯೇ ಕೆಲಸ ಮುಗಿಸುವ ಅಧಿಕಾರ ಅವರಿಗಿದೆ. ಸಿಟ್ಟಿನಿಂದ ಹೋಗದೆ ಮನೆಯಲ್ಲಿ ಕುಳಿತವರು ತಮ್ಮ ಕೈಯಾರೆ ಕೆಡಿಸಿಕೊಳ್ಳುತ್ತಾರೆ. ಪಂಚನಾಮೆಗೆ ಸಹಿ ಮಾಡುವುದಿಲ್ಲ ಎಂದು ಎದ್ದು ಬರುವುದೂ ಅಷ್ಟೇ ನಷ್ಟ, ಏಕೆಂದರೆ ನಿಮ್ಮ ತಕರಾರು ಯಾವ ಕಾಗದದ ಮೇಲೂ ಇರುವುದಿಲ್ಲ. 'ಉತ್ತರದ ಕಲ್ಲು ಮೂಲ ಕಲ್ಲಲ್ಲ, ಅಳತೆಗೆ ನನ್ನ ತಕರಾರಿದೆ' ಎಂದು ಕೈಯಾರೆ ಬರೆದು, ದಿನಾಂಕ ಹಾಕಿ, ಸಹಿ ಮಾಡಿ. ಬರೆಯಲು ಬಿಡದಿದ್ದರೆ ಅದೇ ದಿನ ವಕೀಲರ ಮೂಲಕ ಕಮಿಷನರಿಗೂ ಎದುರು ವಕೀಲರಿಗೂ ಸ್ಪೀಡ್ ಪೋಸ್ಟಿನಲ್ಲಿ ಪತ್ರ ಹಾಕಿ ರಸೀದಿ ಇಟ್ಟುಕೊಳ್ಳಿ.

ಇಲ್ಲಿ ತಪ್ಪಿಗೂ ದುರ್ನಡತೆಗೂ ಇರುವ ವ್ಯತ್ಯಾಸ ತಿಳಿದಿರಬೇಕು, ಪರಿಹಾರ ಬೇರೆ ಬೇರೆ. ತಪ್ಪು ಕಲ್ಲಿನಿಂದ ಅಳೆದರು, ಒಂದು ಹಿಸ್ಸಾ ಬಿಟ್ಟರು, ನಕಾಶೆಗೂ ವರದಿಗೂ ಅಂಕಿ ಹೊಂದುವುದಿಲ್ಲ ಎಂದಾದರೆ ಅದು ತಪ್ಪು. 10ನೇ ನಿಯಮದ 3ನೇ ಉಪನಿಯಮದ ಪ್ರಕಾರ ಮುಂದಿನ ತನಿಖೆಗೆ ಆದೇಶಿಸಲು ಕೋರಿದರೆ ಅದೇ ಕಮಿಷನರನ್ನೇ ಮತ್ತೆ ಕಳಿಸಬಹುದು. ಒಂದು ಕಡೆಯವರಿಗೆ ತಿಳಿಸದೆ ಬಂದರು, ಇನ್ನೊಂದು ಕಡೆಯವರ ಗಾಡಿಯಲ್ಲಿ ಬಂದು ಅವರ ಮನೆಯಲ್ಲಿ ಕುಳಿತು ವರದಿ ಬರೆದರು, ಕೋರ್ಟ್ ಹೇಳದಿದ್ದರೂ ಅಕ್ಕಪಕ್ಕದವರ ಹೇಳಿಕೆ ಪಡೆದು ಹಕ್ಕಿನ ಬಗ್ಗೆ ಅಭಿಪ್ರಾಯ ಸೇರಿಸಿದರು ಎಂದಾದರೆ ಅದು ಬೇರೆ ಮಾತು. ಜ್ಯೂರರ್ ಒಬ್ಬ ಒಂದು ಕಡೆಯವರ ಜೊತೆ ಊಟಕ್ಕೆ ಕುಳಿತದ್ದಕ್ಕೆ ನಮ್ಮಲ್ಲಿ ಸರಿಹೊಂದುವುದು ಇದೇ. ಆಗ ಆ ವರದಿಯನ್ನು ಬದಿಗಿಟ್ಟು ಬೇರೊಬ್ಬ ಕಮಿಷನರನ್ನು ನೇಮಿಸಿ ಎಂದೇ ಕೇಳಬೇಕು. ಮನೆ, ನಿವೇಶನಗಳ ಪಾಲು ವಿಂಗಡಣೆಯ ವರದಿಗೆ 14ನೇ ನಿಯಮವಿದೆ. ವರದಿಯನ್ನು ಒಪ್ಪುವುದು, ಬದಲಿಸುವುದು, ರದ್ದು ಮಾಡಿ ಹೊಸ ಕಮಿಷನ್ ಹೊರಡಿಸುವುದು ಎಲ್ಲಕ್ಕೂ ಅಲ್ಲಿ ಅವಕಾಶ ಇದೆ. ಕಂದಾಯದ ಜಮೀನಿನ ವಿಂಗಡಣೆ ಮಾತ್ರ 54ನೇ ಕಲಮಿನಡಿ ಜಿಲ್ಲಾಧಿಕಾರಿಗಳ ಕಡೆಗೆ ಹೋಗುತ್ತದೆ.

ವರದಿ ಕೋರ್ಟಿಗೆ ಬಂದ ಮೇಲಿನ ಮೊದಲ ತಾರೀಖು ಎಲ್ಲಕ್ಕಿಂತ ಮುಖ್ಯ. ಅವತ್ತೇ ವರದಿ, ನಕಾಶೆ, ಅಳತೆಯ ಕ್ಷೇತ್ರ ಪುಸ್ತಕ, ಪಂಚನಾಮೆ ಎಲ್ಲದರ ನಕಲಿಗೆ ಅರ್ಜಿ ಹಾಕಿ. ಕೋರ್ಟ್ ಕೊಟ್ಟ ಗಡುವಿನೊಳಗೆ ಲಿಖಿತ ತಕರಾರು ಸಲ್ಲಿಸಿ. ತಕರಾರಿನಲ್ಲಿ 'ವರದಿ ಏಕಪಕ್ಷೀಯವಾಗಿದೆ' ಎಂಬ ಒಂದು ವಾಕ್ಯ ಬರೆದು ಕೈತೊಳೆದುಕೊಳ್ಳುವುದು ನಮ್ಮ ಕಡೆ ರೂಢಿಯಾಗಿಬಿಟ್ಟಿದೆ. ಅದರಿಂದ ಏನೂ ಆಗುವುದಿಲ್ಲ. ವರದಿಯ ಯಾವ ಪುಟದ ಯಾವ ಮಾತು ತಪ್ಪು, ಟಿಪ್ಪಣಿಯಲ್ಲಿ ಎಷ್ಟು ಸರಪಳಿ ಇದೆ, ವರದಿಯಲ್ಲಿ ಎಷ್ಟಿದೆ, ನೋಟಿಸ್ ಯಾವತ್ತು ಬಂತು, ಅಳತೆ ಯಾವತ್ತು ನಡೆಯಿತು ಎಂಬುದನ್ನು ಹೆಸರಿಟ್ಟು ಹೇಳಬೇಕು. ದುರ್ನಡತೆಯ ಆರೋಪವಿದ್ದರೆ ಕಣ್ಣಾರೆ ಕಂಡವರ ಪ್ರಮಾಣಪತ್ರ, ದಿನಾಂಕವಿರುವ ಫೋಟೋ ಜೊತೆಗಿರಬೇಕು. ಊರಿನವರು ಹಾಗೆ ಆಡಿಕೊಳ್ಳುತ್ತಾರೆ ಎಂಬುದು ರುಜುವಾತಲ್ಲ. ನಂತರ ಕಮಿಷನರನ್ನು ಕಟಕಟೆಗೆ ಕರೆಸಿ ಪಾಟೀಸವಾಲು ಮಾಡಲು ಅನುಮತಿ ಕೇಳಬೇಕು. 10ನೇ ನಿಯಮದ 2ನೇ ಉಪನಿಯಮ ವರದಿಯಲ್ಲಿರುವ ಸಂಗತಿ ಅಷ್ಟೇ ಅಲ್ಲ, ತನಿಖೆ ನಡೆಸಿದ ರೀತಿಯ ಬಗ್ಗೆಯೂ ಪ್ರಶ್ನೆ ಕೇಳಲು ಅವಕಾಶ ಕೊಡುತ್ತದೆ. ಜ್ಯೂರಿ ಕೋಣೆಯ ಬಾಗಿಲು ಅಮೆರಿಕದ ಪಕ್ಷಗಾರನಿಗೆ ಮುಚ್ಚಿದ್ದರೆ, ಕಮಿಷನರ್ ವಿಷಯದಲ್ಲಿ ನಮಗೆ ಬಾಗಿಲು ಪೂರ್ತಿ ತೆರೆದಿದೆ. ಇಷ್ಟು ದೊಡ್ಡ ಹಕ್ಕನ್ನು ನಮ್ಮ ಜನ ಬಳಸದೇ ಬಿಡುತ್ತಿದ್ದಾರೆ. ತಕರಾರು ಹಾಕದೆ, ಕಮಿಷನರನ್ನು ಕರೆಸದೆ ಬಿಟ್ಟ ವರದಿ 10ನೇ ನಿಯಮದ ಪ್ರಕಾರ ದಾವೆಯಲ್ಲಿ ಸಾಕ್ಷ್ಯವಾಗಿಯೇ ನಿಲ್ಲುತ್ತದೆ.

ನ್ಯಾಯಾಧೀಶರೇ ಸ್ಥಳ ನೋಡಲು ಹೋಗುವ ಅವಕಾಶವೂ ಇದೆ. ಅದು 18ನೇ ಆದೇಶದ 18ನೇ ನಿಯಮ. ಕಂಡದ್ದನ್ನು ಆದಷ್ಟು ಬೇಗ ಟಿಪ್ಪಣಿಯಾಗಿ ಬರೆದು ಕಡತಕ್ಕೆ ಸೇರಿಸಬೇಕು ಎಂಬ ಮಾತು 1976ರ ತಿದ್ದುಪಡಿಯಿಂದ ಬಂತು. ಅಂಥ ಟಿಪ್ಪಣಿ ಇಲ್ಲದೆ, ತೀರ್ಪಿನಲ್ಲಿ 'ನಾವು ಕಂಡಂತೆ' ಎಂದು ಬರೆದಿದ್ದರೆ ಅದು ಮೇಲ್ಮನವಿಗೆ ಗಟ್ಟಿ ಆಧಾರ. ತೀರ್ಪು ದಾವೆಗೆ ಸಂಬಂಧಿಸಿದ, ಕ್ರಮಬದ್ಧವಾಗಿ ರುಜುವಾತಾದ ಸಂಗತಿಗಳ ಮೇಲೆಯೇ ನಿಲ್ಲಬೇಕು ಎಂಬ ನಿಯಮ ಹಳೆಯ ಸಾಕ್ಷ್ಯ ಕಾಯ್ದೆಯ 165ನೇ ಕಲಮಿನಲ್ಲಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದು 168ನೇ ಕಲಮಾಗಿ ಮುಂದುವರಿದಿದೆ.

ನ್ಯಾಯಾಧೀಶರಿಗೆ ಒಂದು ಕಡೆಯ ಜೊತೆ ನಂಟು ಅಥವಾ ವ್ಯವಹಾರ ಇದೆ ಎಂಬ ಸಕಾರಣ ಶಂಕೆ ಇದ್ದರೆ ಸಿವಿಲ್ ಸಂಹಿತೆಯ 24ನೇ ಕಲಮಿನಡಿ ಜಿಲ್ಲಾ ನ್ಯಾಯಾಧೀಶರ ಮುಂದೆಯೋ ಹೈಕೋರ್ಟಿನಲ್ಲೋ ವರ್ಗಾವಣೆ ಅರ್ಜಿ ಹಾಕಬೇಕು, ಅದೂ ಗೊತ್ತಾದ ಕೂಡಲೇ. ಸುಪ್ರೀಂ ಕೋರ್ಟ್ 1957ರ ಮನಕ್ ಲಾಲ್ ಪ್ರಕರಣದಲ್ಲಿ ಇದನ್ನು ನಿಚ್ಚಳವಾಗಿ ಹೇಳಿತು. ವಕೀಲರೊಬ್ಬರ ವಿರುದ್ಧದ ದೂರನ್ನು ವಿಚಾರಿಸಿದ ಮಂಡಳಿಯ ಅಧ್ಯಕ್ಷರು ಹಿಂದೆ ಎದುರು ಕಡೆಯ ಪರ ವಾದಿಸಿದ್ದರು. ಅವರು ಆ ಜಾಗದಲ್ಲಿ ಕೂರಬಾರದಿತ್ತು ಎಂದು ಕೋರ್ಟ್ ಒಪ್ಪಿತು. ಆದರೆ ಗೊತ್ತಿದ್ದೂ ಮೊದಲ ಅವಕಾಶದಲ್ಲಿ ಹೇಳದೆ, ವರದಿ ತನ್ನ ವಿರುದ್ಧ ಬಂದ ಮೇಲೆ ಎತ್ತಿದ್ದರಿಂದ ಆ ಹಕ್ಕನ್ನು ಬಿಟ್ಟುಕೊಟ್ಟಂತಾಯಿತು ಎಂದಿತು. ಕ್ಯಾಲಿಫೋರ್ನಿಯಾದ ಪಕ್ಷಗಾರ ಮಾಡಬೇಕಾದ ಪ್ರಮಾಣದ ಹಿಂದಿರುವ ತತ್ವವೂ ಇದೇ.

ಡಿಕ್ರಿ (ತೀರ್ಪಿನ ಮೇಲೆ ಹೊರಡುವ ಅಂತಿಮ ಆದೇಶ) ಆದ ಮೇಲೆ ದಾರಿ ಎರಡು. ಹಿರಿಯ ಕೋರ್ಟಿಗೆ ಮೇಲ್ಮನವಿ: ಜಿಲ್ಲಾ ಮಟ್ಟದಲ್ಲಿ 30 ದಿನ, ಹೈಕೋರ್ಟಿಗೆ 90 ದಿನ. ಅದೇ ಕೋರ್ಟಿನಲ್ಲಿ 47ನೇ ಆದೇಶದ ಪುನರ್ವಿಮರ್ಶೆ: 30 ದಿನ. ಪುನರ್ವಿಮರ್ಶೆಗೆ ಎಷ್ಟೇ ಎಚ್ಚರ ವಹಿಸಿದ್ದರೂ ಮೊದಲು ಸಿಗದಿದ್ದ ಮಹತ್ವದ ಹೊಸ ಸಾಕ್ಷ್ಯ, ಅಥವಾ ಕಡತ ತೆರೆದರೆ ಮೇಲೆಯೇ ಕಾಣುವ ತಪ್ಪು, ಅಥವಾ ಅದಕ್ಕೆ ಸಮನಾದ ಕಾರಣ ಇರಬೇಕು. ತಿರಸ್ಕಾರವಾದರೆ ಆ ಆದೇಶದ ಮೇಲೆ ಮೇಲ್ಮನವಿ ಇಲ್ಲ, ಎರಡನೆಯ ಪುನರ್ವಿಮರ್ಶೆಯೂ ಇಲ್ಲ. ಕಮಿಷನರ್ ದುರ್ನಡತೆ ಡಿಕ್ರಿಯ ನಂತರವೇ ಗೊತ್ತಾಯಿತು ಎನ್ನುವವರು ಮೊದಲು ಯಾಕೆ ಗೊತ್ತಾಗಲಿಲ್ಲ ಎಂಬುದನ್ನು ಪ್ರಮಾಣಪತ್ರದಲ್ಲಿ ದಿನಾಂಕ ಸಹಿತ ಹೇಳಲೇಬೇಕು.

ಮೇಲ್ಮನವಿಯಲ್ಲಿ ಎದುರಾಗುವ ದೊಡ್ಡ ಗೋಡೆ ಸಿವಿಲ್ ಸಂಹಿತೆಯ 99ನೇ ಕಲಮು. ದಾವೆಯ ತಿರುಳಿಗೋ ಕೋರ್ಟಿನ ಅಧಿಕಾರಕ್ಕೋ ಧಕ್ಕೆ ತಾರದ ಲೋಪಕ್ಕಾಗಿ ಡಿಕ್ರಿಯನ್ನು ತಿರುಗುಮುರುಗು ಮಾಡುವಂತಿಲ್ಲ. ಸಾಕ್ಷ್ಯ ಅಧಿನಿಯಮದ 169ನೇ ಕಲಮು ಸಾಕ್ಷ್ಯವನ್ನು ತಪ್ಪಾಗಿ ಒಳಗೆ ಬಿಟ್ಟರೂ ಹೊರಗಿಟ್ಟರೂ ಅದೊಂದೇ ಹೊಸ ವಿಚಾರಣೆಗೆ ಕಾರಣವಾಗದು ಎನ್ನುತ್ತದೆ. ಉಳಿದ ಸಾಕ್ಷ್ಯವೇ ತೀರ್ಪಿಗೆ ಸಾಕಾಗಿದ್ದರೆ ಕಥೆ ಮುಗಿಯಿತು. ಆದ್ದರಿಂದ ಮೇಲ್ಮನವಿಯ ಆಧಾರಗಳಲ್ಲಿ ಕಮಿಷನರ್ ಎಷ್ಟು ಕೆಟ್ಟವನು ಎಂಬುದಕ್ಕಿಂತ, ಆ ವರದಿಯನ್ನು ತೆಗೆದರೆ ಎದುರು ಕಡೆಗೆ ಒತ್ತುವರಿ ಸಾಬೀತು ಮಾಡಲು ಏನು ಉಳಿಯುತ್ತದೆ ಎಂಬುದನ್ನು ಬರೆಯಬೇಕು. ಇಷ್ಟಾದರೂ ಇಡೀ ದಾವೆ ಕೆಳಗೆ ಹೋಗಲೇಬೇಕೆಂದಿಲ್ಲ. ಕಡತದಲ್ಲಿ ಸಾಕ್ಷ್ಯ ಸಾಕಷ್ಟಿದ್ದರೆ 41ನೇ ಆದೇಶದ 24ನೇ ನಿಯಮದಡಿ ಮೇಲಿನ ಕೋರ್ಟೇ ತೀರ್ಮಾನಿಸಬಹುದು. 25ನೇ ನಿಯಮದಡಿ ಒಂದು ವಾದಾಂಶವನ್ನಷ್ಟೇ ಕೆಳಗೆ ಕಳಿಸಿ, ಅದರ ನಿರ್ಣಯ ತರಿಸಿಕೊಂಡು, ಮೇಲ್ಮನವಿಯನ್ನು ತನ್ನಲ್ಲೇ ಉಳಿಸಿಕೊಳ್ಳಬಹುದು. 23-ಎ ನಿಯಮದ ಪೂರ್ಣ ಮರುವಿಚಾರಣೆ ಕೊನೆಯ ಉಪಾಯ. ಅದನ್ನು ಮಾಮೂಲಿಯಾಗಿ ಮಾಡಬೇಡಿ ಎಂದು ಸುಪ್ರೀಂ ಕೋರ್ಟ್ ಹಲವು ಸಲ ಎಚ್ಚರಿಸಿದೆ. ಅಜ್ಜ ಹಾಕಿದ ದಾವೆ ಮೊಮ್ಮಗನ ಕಾಲಕ್ಕೆ ಮತ್ತೆ ಮೊದಲ ಸಾಕ್ಷಿಯಿಂದ ಶುರುವಾಗುವುದು ಗೆದ್ದವರಿಗೂ ಸೋತವರಿಗೂ ಶಿಕ್ಷೆಯೇ. ಮರುವಿಚಾರಣೆ ಆದೇಶವಾದರೆ ಅದು ಬೇಡವಾದವರು 43ನೇ ಆದೇಶದ 1(ಯು) ನಿಯಮದಡಿ ಆಗಲೇ ಪ್ರಶ್ನಿಸಬೇಕು, ಜಿಲ್ಲಾ ಕೋರ್ಟಿನ ಆದೇಶವಾದರೆ ಧಾರವಾಡದ ಹೈಕೋರ್ಟ್ ಪೀಠದಲ್ಲಿ. ಸುಮ್ಮನಿದ್ದು ಮುಂದೆ ಅದನ್ನು ತಪ್ಪೆನ್ನಲು 105ನೇ ಕಲಮಿನ 2ನೇ ಉಪಕಲಮು ಬಿಡುವುದಿಲ್ಲ.

ಹುಬ್ಬಳ್ಳಿ, ಬ್ಯಾಡಗಿಯ ವ್ಯಾಪಾರಸ್ಥರಿಗೆ, ವಾಹನ ಸಾಲ ಪಡೆದವರಿಗೆ ಒಂದು ಮಾತು. ಸಾಲದ ಕರಾರಿನಲ್ಲಿ ಮಧ್ಯಸ್ಥಿಕೆಯ ಷರತ್ತು ಇದ್ದು ದೂರದ ಊರಿನಿಂದ ಮಧ್ಯಸ್ಥಗಾರರ ನೋಟಿಸ್ ಬಂದರೆ ಕಪಾಟಿನಲ್ಲಿಡಬೇಡಿ. ಪಕ್ಷಪಾತದ ಶಂಕೆಗೆ ಕಾರಣ ಗೊತ್ತಾದ 15 ದಿನದೊಳಗೆ 1996ರ ಮಧ್ಯಸ್ಥಿಕೆ ಕಾಯ್ದೆಯ 13ನೇ ಕಲಮಿನಡಿ ಲಿಖಿತ ಆಕ್ಷೇಪ ಕಳಿಸಬೇಕು. ವಿವಾದದಲ್ಲಿ ಹಿತಾಸಕ್ತಿ ಇರುವವರು ತಾವೊಬ್ಬರೇ ಮಧ್ಯಸ್ಥಗಾರರನ್ನು ನೇಮಿಸಲು ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಪರ್ಕಿನ್ಸ್ ಈಸ್ಟ್‌ಮನ್ ಪ್ರಕರಣದಲ್ಲಿ ಹೇಳಿದೆ. ಐತೀರ್ಪು (ಮಧ್ಯಸ್ಥಗಾರರ ತೀರ್ಪು) ಕೈಸೇರಿದ ಮೇಲೆ ಅದನ್ನು ರದ್ದುಪಡಿಸಲು ಮೂರು ತಿಂಗಳು, ಸಕಾರಣವಿದ್ದರೆ ಇನ್ನೂ 30 ದಿನ. ಅದರಾಚೆಗೆ ಒಂದು ದಿನವೂ ಇಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಜವಾಬ್ದಾರಿಯನ್ನು ಕಕ್ಷಿದಾರರ ತಲೆಗೇ ಕಟ್ಟಿ ಸುಮ್ಮನಾಗುವುದು ನ್ಯಾಯವಲ್ಲ. ಮೂರೂ ಜಿಲ್ಲೆಗಳ ಪ್ರಧಾನ ಜಿಲ್ಲಾ ನ್ಯಾಯಾಧೀಶರಲ್ಲಿ ನಮ್ಮ ವಿನಂತಿ ಇದು. ಕಮಿಷನ್ ವಾರಂಟಿನಲ್ಲಿಯೇ ಕೆಲವು ಮಾತು ಅಚ್ಚಾಗಿರಲಿ: ಅಳತೆಗೆ ಕನಿಷ್ಠ ಏಳು ದಿನ ಮುಂಚೆ ಎರಡೂ ಕಡೆಗೆ ಕನ್ನಡದಲ್ಲಿ ಲಿಖಿತ ನೋಟಿಸ್, ಯಾವ ಪಕ್ಷಗಾರರ ವಾಹನ, ಊಟ, ಮನೆ ಬಳಸಕೂಡದು, ಪ್ರಯಾಣದ ಖರ್ಚು ಕೋರ್ಟಿನಲ್ಲಿ ಠೇವಣಿ ಇಟ್ಟ ಹಣದಿಂದಲೇ, ಯಾವ ಕಲ್ಲನ್ನು ಮೂಲವಾಗಿ ಹಿಡಿದರು ಎಂಬುದರ ಕಾರಣ ವರದಿಯಲ್ಲಿ ಇರಲಿ, ಕ್ಷೇತ್ರ ಪುಸ್ತಕ ಮತ್ತು ಪಂಚನಾಮೆಯನ್ನು ವರದಿಗೆ ಲಗತ್ತಿಸದಿದ್ದರೆ ಕಚೇರಿ ಅದನ್ನು ಸ್ವೀಕರಿಸದಿರಲಿ. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಖರ್ಚೂ ಇಲ್ಲ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಗಳು ಕಮಿಷನರ್ ಬರುವ ದಿನ ಪಕ್ಷಗಾರರು ಏನು ಮಾಡಬೇಕು ಎಂಬುದನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಮುದ್ರಿಸಿ, ಕುಂದಗೋಳದಿಂದ ಹಿರೇಕೆರೂರಿನವರೆಗೆ ಪ್ರತಿ ತಾಲೂಕು ಕೋರ್ಟಿನ ವಿಚಾರಣಾ ಕೌಂಟರಿನಲ್ಲಿ ಇಡಲಿ. ಹಾಳೆಯ ಕರಡು ಸಿದ್ಧಪಡಿಸಿಕೊಡಲು ನಾವು ಸಿದ್ಧರಿದ್ದೇವೆ.

ಇಬ್ಬರು ಸಿವಿಲ್ ವಕೀಲರು, ಧಾರವಾಡ